ಅಪ್ಪನ ಹೆಸರಿನ ಗೆರೆ

ಜೂನ್ ತಿಂಗಳು ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರಗಳ ಶಾಲೆಯ ಕಟ್ಟೆಗಳ ಮೇಲೆ ಜನ ನೆರೆಯುತ್ತಾರೆ. ತೊಗರಿ, ಹತ್ತಿ ಬಿತ್ತನೆಯ ಅವಸರದ ನಡುವೆಯೇ ಮಕ್ಕಳ ಕೈ ಹಿಡಿದು ಬಂದು ಹೆಸರು ಹಚ್ಚಿಸುತ್ತಾರೆ. ಅಕ್ಷರ ಬಾರದ ತಾಯಿ ಹೇಳುತ್ತಾಳೆ, ಮಾಸ್ತರರು ಬರೆದುಕೊಳ್ಳುತ್ತಾರೆ. ಮಗುವಿನ ಹೆಸರಾಯಿತು, ಹುಟ್ಟಿದ ದಿನವಾಯಿತು, ಊರಾಯಿತು. ಮುಂದಿನ ಗೆರೆ ತಂದೆಯ ಹೆಸರಿನದು.

"ಇವರಪ್ಪನ ಹೆಸರೇನವ್ವಾ?"

ಹೆಚ್ಚಿನವರಿಗೆ ಇದು ಅರೆ ಕ್ಷಣದ ಪ್ರಶ್ನೆ. ಆದರೆ ಗಂಡ "ಈ ಕೂಸು ನನ್ನದಲ್ಲ" ಎಂದು ಹೇಳಿ ಮನೆ ಬಿಟ್ಟು ಹೋಗಿರುವ ತಾಯಿಗೆ, ಮದುವೆಯ ಕಟ್ಟಿಲ್ಲದೆ ತಾಯಿಯಾದವಳಿಗೆ, ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವಳಿಗೆ ಆ ಒಂದು ಗೆರೆ ದಾಟುವುದು ಭೀಮೆಯ ಪ್ರವಾಹ ದಾಟಿದಷ್ಟು ಕಷ್ಟ. ಅವಳ ಸೆರಗು ಹಿಡಿದು ನಿಂತ ಮಗು ಅವಳ ಮುಖ ನೋಡುತ್ತದೆ, ಮಾಸ್ತರರ ಮುಖ ನೋಡುತ್ತದೆ. ತನ್ನ ಬಗ್ಗೆಯೇ ಏನೋ ತಪ್ಪು ನಡೆದಿದೆ ಎಂಬುದು ಮಾತ್ರ ಅದಕ್ಕೆ ತಿಳಿಯುತ್ತದೆ.

ಮಗುವಿನ ತಂದೆ ಯಾರು ಎಂಬ ಜಗಳ ಕೋರ್ಟಿನ ಮೆಟ್ಟಿಲು ಹತ್ತಿದಾಗ ಕಾನೂನು ಏನು ಹೇಳುತ್ತದೆ? ಅಲ್ಲಿ ಗಂಡ ಗೆಲ್ಲುತ್ತಾನೋ ಹೆಂಡತಿ ಗೆಲ್ಲುತ್ತಾಳೋ ಎಂಬುದಕ್ಕಿಂತ, ತನಗೆ ತಿಳಿಯದ ಜಗಳದಲ್ಲಿ ಸಿಕ್ಕಿಬಿದ್ದ ಆ ಮಗುವಿನ ಗತಿ ಏನು? ತಂದೆ ತಾಯಿಯರೂ ಓದುವ ಮಕ್ಕಳೂ ತಿಳಿದಿರಬೇಕಾದ ಸಂಗತಿ ಇದು.

ಗುಳೆ, ಸಂಕ್ರಾಂತಿ ಮತ್ತು ದಸರೆ

ಈ ಭಾಗದಿಂದ ವರ್ಷ ವರ್ಷವೂ ದುಡಿಯುವ ಜನ ಗುಳೆ ಹೋಗುತ್ತಾರೆ. ಬೆಂಗಳೂರು, ಮುಂಬೈ, ಪುಣೆ, ಗೋವೆಗಳ ಕಟ್ಟಡ ಕೆಲಸದಲ್ಲಿ ಯಾದಗಿರಿ ಜಿಲ್ಲೆಯ ಕೈಗಳಿವೆ. ಕೆಲವೊಮ್ಮೆ ಗಂಡ ಹೆಂಡತಿ ಒಟ್ಟಿಗೆ ಹೋಗುತ್ತಾರೆ. ಕೆಲವೊಮ್ಮೆ ಹೆಂಡತಿ ಅತ್ತೆಯೊಡನೆ ಊರಲ್ಲಿ ಉಳಿದು ಗಂಡನೊಬ್ಬನೇ ರೈಲು ಹತ್ತುತ್ತಾನೆ. ಹೀಗೊಂದು ಸಂಸಾರವನ್ನು ಊಹಿಸಿಕೊಳ್ಳೋಣ. ಗಂಡ ಮುಂಬೈಯಲ್ಲಿದ್ದಾನೆ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆಂದು ಬಂದು ಎರಡು ದಿನ ಮನೆಯಲ್ಲಿದ್ದು ಹೋದ. ದಸರೆಯ ಹೊತ್ತಿಗೆ ಹೆಂಡತಿ ಹೆತ್ತಳು. ಓಣಿಯಲ್ಲಿ ಯಾರೋ ಬೆರಳು ಮಡಚಿ ತಿಂಗಳ ಲೆಕ್ಕ ಹಾಕಿದರು. ಆ ಲೆಕ್ಕ ಫೋನಿನಲ್ಲಿ ಮುಂಬೈ ಮುಟ್ಟಿತು.

ಇಂಥ ಜಗಳಕ್ಕೆಂದೇ ಕಾನೂನು ಒಂದು ನಿಯಮ ಇಟ್ಟಿದೆ. ಅದು 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 112ನೆಯ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರಲ್ಲಿ ಅದೇ ನಿಯಮ 116ನೆಯ ಕಲಮಾಗಿ ಮುಂದುವರಿದಿದೆ. ಅದರ ಸಾರ ಇಷ್ಟು: ಕಾನೂನುಬದ್ಧ ಮದುವೆ ಊರ್ಜಿತದಲ್ಲಿರುವಾಗ ಹುಟ್ಟಿದ ಮಗು ಆ ಗಂಡನ ಔರಸ ಮಗುವೇ. ಮದುವೆ ಮುರಿದ 280 ದಿನಗಳೊಳಗೆ ಹುಟ್ಟಿದ್ದು, ತಾಯಿ ಬೇರೆ ಮದುವೆಯಾಗದೆ ಇದ್ದರೆ ಆ ಮಗುವೂ ಅವನದೇ. ಇದನ್ನು ಕಾನೂನು ನಿರ್ಣಾಯಕ ಪುರಾವೆ ಎಂದು ಕರೆಯುತ್ತದೆ. ಅಂದರೆ ಮತ್ತೆ ವಾದಕ್ಕೆ ಎಡೆಯಿಲ್ಲ.

ಇದಕ್ಕೆ ಒಂದೇ ಒಂದು ಕಿಂಡಿ ಇದೆ. ಗರ್ಭ ನಿಂತಿರಬಹುದಾದ ಕಾಲದಲ್ಲಿ ಗಂಡ ಹೆಂಡತಿ ಕೂಡುವ ಅವಕಾಶವೇ ಇರಲಿಲ್ಲ ಎಂದು ಗಂಡ ಸಾಬೀತು ಮಾಡಬೇಕು. ಇಲ್ಲಿ 'ಅವಕಾಶ' ಎಂಬ ಮಾತಿಗೆ ತೂಕವಿದೆ. ಕೂಡಿದ್ದರೇ ಇಲ್ಲವೇ ಎಂಬುದನ್ನು ಕಾನೂನು ಕೇಳುವುದಿಲ್ಲ, ಕೂಡಲು ಸಾಧ್ಯವಿತ್ತೇ ಎಂದಷ್ಟೇ ಕೇಳುತ್ತದೆ. ಗಂಡ ಎರಡು ವರ್ಷ ಊರ ಕಡೆ ತಲೆ ಹಾಕಿಯೇ ಇಲ್ಲ ಎಂಬುದು ಗಟ್ಟಿ ಸಾಕ್ಷ್ಯದಿಂದ ಸಿದ್ಧವಾದರೆ ಅದು ಬೇರೆ ಮಾತು. ಜಾತ್ರೆಗೆ ಎರಡು ದಿನ ಬಂದು ಹೋಗಿದ್ದರೂ ಅವಕಾಶ ಇತ್ತೆಂದೇ ಅರ್ಥ. ಓಣಿಯ ಬೆರಳ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಇಷ್ಟು ಬಿಗಿಯಾದ ನಿಯಮ ಯಾಕೆ? 1872ರಲ್ಲಿ ತಂದೆ ಯಾರೆಂದು ಹೇಳುವ ಪರೀಕ್ಷೆ ಯಾವುದೂ ಇರಲಿಲ್ಲ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಮಗು. ಸಂಶಯಕ್ಕೆ ಬಾಗಿಲು ತೆರೆದಿಟ್ಟರೆ ಪ್ರತಿಯೊಂದು ಮನೆಜಗಳದಲ್ಲೂ ಮಗುವಿನ ಹುಟ್ಟೇ ಆಯುಧವಾಗುತ್ತದೆ. ಬಾಯಿಲ್ಲದ ಮಗುವಿನ ಪರವಾಗಿ ಕಾನೂನೇ ಮೊದಲು ಮಾತಾಡಿಬಿಟ್ಟಿದೆ.

ರಕ್ತದ ಗುಂಪು ಎಷ್ಟು ಹೇಳುತ್ತದೆ?

ಶಾಲೆಯಲ್ಲಿ ರಕ್ತದ ಗುಂಪಿನ ಪಾಠ ಓದಿದ ಹುಡುಗ ಹುಡುಗಿಯರು ಮನೆಗೆ ಬಂದು ಅಪ್ಪ ಅವ್ವನ ಗುಂಪು ಕೇಳುವುದುಂಟು. "ನಿಮ್ಮಿಬ್ಬರದೂ ಓ, ನನ್ನದು ಹ್ಯಾಂಗ ಬಿ?" ಎಂದು ಮಗ ಕೇಳಿದ ಒಂದು ಮಾತಿನಿಂದ ಸಂಸಾರ ಒಡೆಯಬಾರದು. ಅದಕ್ಕೆ ಈ ವಿಷಯ ತಿಳಿದಿರಬೇಕು.

ರಕ್ತದ ಗುಂಪಿನಿಂದ ಇಂಥವನೇ ತಂದೆ ಎಂದು ಎಂದಿಗೂ ಹೇಳಲಾಗದು. ಒಂದೇ ಗುಂಪಿನವರು ಊರಲ್ಲಿ ಸಾವಿರಾರು ಜನ ಇರುತ್ತಾರೆ. ಕೆಲವು ಸಂದರ್ಭದಲ್ಲಿ ಇಂಥವನು ತಂದೆಯಾಗಿರಲಾರ ಎಂದು ಊಹಿಸಬಹುದು, ಅಷ್ಟೆ. ಅದಕ್ಕೂ ಅಪವಾದವಿದೆ. 1952ರಲ್ಲಿ ಮುಂಬೈಯಲ್ಲಿ ಡಾಕ್ಟರ್ ವೈ.ಎಂ. ಭೆಂಡೆ ಮತ್ತು ಸಂಗಡಿಗರು ಒಂದು ಅಪರೂಪದ ಗುಂಪನ್ನು ಕಂಡುಹಿಡಿದರು. ಅದಕ್ಕೆ ಬಾಂಬೆ ಗುಂಪು ಎಂದೇ ಹೆಸರಾಯಿತು. ಈ ಗುಂಪಿನವರ ರಕ್ತ ಸಾಮಾನ್ಯ ಪರೀಕ್ಷೆಯಲ್ಲಿ 'ಓ' ಎಂದು ತೋರುತ್ತದೆ. ಆದರೆ ಅವರ ವಂಶವಾಹಿಯಲ್ಲಿ 'ಎ' ಅಥವಾ 'ಬಿ' ಅಡಗಿರಬಹುದು, ಅದು ಮಕ್ಕಳಿಗೆ ಇಳಿಯಬಹುದು. ಹಾಗಾಗಿ 'ಓ' ಎಂದು ಬರೆದ ಚೀಟಿ ನೋಡಿ ಹೆಂಡತಿಯ ಮೇಲೆ ಹೊರೆ ಹೊರಿಸುವವನು ಅರ್ಧ ವಿಜ್ಞಾನ ಓದಿದವನು. ಪ್ರಯೋಗಶಾಲೆಯಲ್ಲಿ ಚೀಟಿ ಅದಲುಬದಲಾಗುವ ಸಾಧ್ಯತೆ ಬೇರೆ.

ಡಿಎನ್‌ಎ ಎಂಬ ಸಾಕ್ಷಿ

ಡಿಎನ್‌ಎ ಪರೀಕ್ಷೆಯ ಮಾತು ಬೇರೆ. 1984ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರಿಸ್ ಇದರ ದಾರಿ ಕಂಡುಹಿಡಿದರು. ಮಗುವಿನ ಜೀವಕೋಶದಲ್ಲಿರುವ 46 ವರ್ಣತಂತುಗಳಲ್ಲಿ 23 ತಾಯಿಯವು, 23 ತಂದೆಯವು. ಅವುಗಳಲ್ಲಿ ಆಯ್ದ ಕೆಲವು ಜಾಗಗಳನ್ನು ನೋಡುತ್ತಾರೆ. ಪ್ರತಿ ಜಾಗದಲ್ಲೂ ಮಗುವಿನ ಬಳಿ ಎರಡು ಗುರುತುಗಳಿರುತ್ತವೆ. ಒಂದು ತಾಯಿಯದಕ್ಕೆ ಹೊಂದಿದರೆ ಇನ್ನೊಂದು ತಂದೆಯದಕ್ಕೆ ಹೊಂದಲೇಬೇಕು. ಹಲವು ಜಾಗಗಳಲ್ಲಿ ಹೊಂದದಿದ್ದರೆ ಅವನು ತಂದೆಯಲ್ಲ. ಎಲ್ಲ ಕಡೆ ಹೊಂದಿದರೆ ಅವನೇ ತಂದೆ ಎನ್ನುವ ಸಂಭವ ಬಹಳ ಬಹಳ ಹೆಚ್ಚು.

ಈ ವಿದ್ಯೆ ಜಗತ್ತಿನಲ್ಲಿ ಮೊದಲು ಬಳಕೆಯಾದ ವಿವಾದ ನೆನಪಿಡುವಂಥದು. 1985ರಲ್ಲಿ ಘಾನಾ ದೇಶದಿಂದ ಇಂಗ್ಲೆಂಡಿಗೆ ಮರಳಿದ ಹುಡುಗನೊಬ್ಬನನ್ನು ಅವನ ತಾಯಿಯ ಮಗನೇ ಅಲ್ಲವೆಂದು ಅಧಿಕಾರಿಗಳು ತಡೆದಿದ್ದರು. ಪರೀಕ್ಷೆ ಅವನು ಅವಳ ಮಗನೇ ಎಂದು ತೋರಿಸಿತು. ಅಂದರೆ ಈ ವಿದ್ಯೆ ಮೊದಲು ಮಾಡಿದ ಕೆಲಸ ಮಗುವನ್ನು ತಾಯಿಯ ಮಡಿಲಿಗೆ ಸೇರಿಸಿದ್ದು.

ಭಾರತದಲ್ಲಿ ಇದನ್ನು ಬೆಳೆಸಿದವರು ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ ಡಾಕ್ಟರ್ ಲಾಲ್‌ಜಿ ಸಿಂಗ್. 1980ರ ದಶಕದ ಕೊನೆಗೆ ಕೇರಳದ ತಲಶ್ಶೇರಿಯ ನ್ಯಾಯಾಲಯದಲ್ಲಿ ಪಿತೃತ್ವದ ವಿವಾದವೊಂದು ಅವರ ಪರೀಕ್ಷೆಯಿಂದ ತೀರ್ಮಾನವಾಯಿತು. ಮದುವೆಯಾಗದ ತಾಯಿಯೊಬ್ಬಳು ತನ್ನ ಮಗುವಿಗೆ ಜೀವನಾಂಶ ಕೇಳಿದ್ದಳು. ಅಲ್ಲಿಯೂ ವಿಜ್ಞಾನ ನಿಂತಿದ್ದು ಮಗುವಿನ ಪಕ್ಕದಲ್ಲಿ.

ಆಮೇಲೆ ದಿಕ್ಕು ಬದಲಾಯಿತು. ಜೀವನಾಂಶ ಕೊಡಲೊಲ್ಲದ ಗಂಡಂದಿರು "ಪರೀಕ್ಷೆ ಮಾಡಿಸಿ" ಎಂದು ಅರ್ಜಿ ಹಾಕತೊಡಗಿದರು.

ಸುಪ್ರೀಂ ಕೋರ್ಟು ನಡೆದ ದಾರಿ

1993ರಲ್ಲಿ ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಮೊದಲ ಬೇಲಿ ಹಾಕಿತು. ಕೇಳಿದ ಮಾತ್ರಕ್ಕೆ ರಕ್ತಪರೀಕ್ಷೆಗೆ ಆದೇಶ ಕೊಡಬಾರದು. ಕೂಡುವ ಅವಕಾಶ ಇರಲಿಲ್ಲ ಎಂಬುದಕ್ಕೆ ಗಂಡ ಮೊದಲು ಬಲವಾದ ಆಧಾರ ತೋರಿಸಬೇಕು. ಮಗುವಿಗೆ ಹಾದರದ ಮಗು ಎಂಬ ಕಳಂಕ, ತಾಯಿಗೆ ಶೀಲಗೆಟ್ಟವಳೆಂಬ ಕಳಂಕ ಬರುತ್ತದೆಯೇ ಎಂದು ನ್ಯಾಯಾಧೀಶರು ಯೋಚಿಸಬೇಕು. ರಕ್ತ ಕೊಡೆಂದು ಯಾರನ್ನೂ ಬಲವಂತ ಮಾಡಲಾಗದು ಎಂದಿತು. 2001ರಲ್ಲಿ, ದಂಪತಿ ಕೂಡಿ ಇದ್ದ ಕಾಲದ ಮಗುವಿನ ವಿಷಯದಲ್ಲಿ ಡಿಎನ್‌ಎ ವರದಿಯೂ ಆ ನಿರ್ಣಾಯಕ ಪುರಾವೆಯನ್ನು ಮುರಿಯಲು ಸಾಲದು ಎಂದಿತು.

ಆದರೆ 2014ರಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಬೇಲಿ ಸಡಿಲವಾಯಿತು. ಅಲ್ಲಿ ಪರೀಕ್ಷೆ ಆಗಿಹೋಗಿತ್ತು, ಎರಡು ಸಲ ಆಗಿತ್ತು. ಎರಡರಲ್ಲೂ ಗಂಡ ಆ ಹುಡುಗಿಯ ತಂದೆಯಲ್ಲವೆಂದು ಬಂದಿತ್ತು. ಕಣ್ಣೆದುರಿನ ಸತ್ಯಕ್ಕೂ ಕಾನೂನಿನ ಊಹೆಗೂ ಘರ್ಷಣೆ ಬಂದಾಗ ಸತ್ಯಕ್ಕೇ ಮಣಿಯಬೇಕು ಎಂದು ಕೋರ್ಟು ಹೇಳಿತು. ಮಗಳಿಗೆ ಜೀವನಾಂಶ ಕೊಡುವ ಹೊಣೆಯಿಂದ ಆತ ಮುಕ್ತನಾದ. ಅಲ್ಲಿಯವರೆಗೆ ಕೊಟ್ಟದ್ದನ್ನು ಮರಳಿ ಕೇಳಬಾರದೆಂದೂ ಆದೇಶವಾಯಿತು. ಆತನ ದೃಷ್ಟಿಯಿಂದ ಅದು ನ್ಯಾಯ. ಮಗಳ ದೃಷ್ಟಿಯಿಂದ ನೋಡಿದರೆ, ಅಂದು ಅವಳ ಪಾಲಿಗೆ ಒಬ್ಬ ತಂದೆ ಹೋದ, ಇನ್ನೊಬ್ಬ ತಂದೆ ಬರಲಿಲ್ಲ.

2014ರದೇ ಇನ್ನೊಂದು ಪ್ರಕರಣದಲ್ಲಿ ಗಂಡ ಕೇಳಿದ್ದು ವಿಚ್ಛೇದನ. ಹೆಂಡತಿಯ ನಡತೆಯನ್ನು ಸಾಬೀತು ಮಾಡಲು ಪರೀಕ್ಷೆ ಬೇಕೆಂದ. ಕೋರ್ಟು ಒಪ್ಪಿತು, ಹೆಂಡತಿ ನಿರಾಕರಿಸಬಹುದು, ಆದರೆ ನಿರಾಕರಿಸಿದರೆ ಅವಳ ವಿರುದ್ಧ ಊಹೆ ಮಾಡಲು ಅವಕಾಶ ಉಂಟು ಎಂದಿತು. ಈ ದಾರಿ ಹಿಡಿದು ಬಂದ ಇನ್ನೊಂದು ವಿವಾದ 2023ರ ಫೆಬ್ರವರಿಯಲ್ಲಿ ತೀರ್ಮಾನವಾಯಿತು. ಪುಣೆಯ ಕುಟುಂಬ ನ್ಯಾಯಾಲಯ ಎರಡನೆಯ ಮಗುವಿನ ಪರೀಕ್ಷೆಗೆ ಆದೇಶ ಕೊಟ್ಟಿತ್ತು, ಬಾಂಬೆ ಹೈಕೋರ್ಟು ಎತ್ತಿಹಿಡಿದಿತ್ತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ವಿ. ರಾಮಸುಬ್ರಮಣಿಯನ್ ಮತ್ತು ಕರ್ನಾಟಕದವರೇ ಆದ ಬಿ.ವಿ. ನಾಗರತ್ನ ಅದನ್ನು ರದ್ದು ಮಾಡಿದರು.

ಈ ತೀರ್ಪಿನ ತಿರುಳು ತಂದೆ ತಾಯಿಯರೆಲ್ಲ ಮನನ ಮಾಡುವಂಥದು. ಹೆಂಡತಿಯ ನಡತೆ ಗಂಡ ಹೆಂಡತಿಯ ನಡುವಿನ ವ್ಯಾಜ್ಯ. ಅದನ್ನು ಬೇರೆ ಸಾಕ್ಷ್ಯದಿಂದ ಸಾಬೀತು ಮಾಡಲು ಗಂಡನಿಗೆ ಅಡ್ಡಿಯಿಲ್ಲ. ಆದರೆ ಆ ವ್ಯಾಜ್ಯದಲ್ಲಿ ಮಗು ಪಕ್ಷಗಾರನಲ್ಲ. ದೊಡ್ಡವರ ಜಗಳಕ್ಕೆ ಮಗುವಿನ ರಕ್ತವನ್ನು ಸಾಕ್ಷ್ಯವಾಗಿ ಎಳೆಯಬಾರದು. ತನ್ನ ಹುಟ್ಟನ್ನು ಕ್ಷುಲ್ಲಕ ಕಾರಣಕ್ಕೆ ಕೋರ್ಟಿನಲ್ಲಿ ಪ್ರಶ್ನಿಸಿಕೊಳ್ಳದೆ ಬದುಕುವ ಹಕ್ಕು ಮಗುವಿಗಿದೆ. ಅದರ ವಂಶವಾಹಿಯ ಗುಟ್ಟು ಅದರದೇ ಸೊತ್ತು. ಪರೀಕ್ಷೆ ಬೇಕೇ ಬೇಡವೇ ಎಂಬುದನ್ನು ತಂದೆ ತಾಯಿಯ ಕಣ್ಣಿನಿಂದ ನೋಡದೆ ಮಗುವಿನ ಕಣ್ಣಿನಿಂದ ನೋಡಬೇಕು. ತಾಯಿ ಪರೀಕ್ಷೆಗೆ ಒಪ್ಪಲಿಲ್ಲ ಎಂಬ ಒಂದೇ ಕಾರಣಕ್ಕೆ ಮಗುವಿನ ಔರಸತ್ವ ಅಳಿಸಿಹೋಗುವುದಿಲ್ಲ.

ಮಗುವೇ ಕೇಳಿದರೆ?

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ತಂದೆ ಯಾರೆಂದು ತಿಳಿಯುವ ಹಕ್ಕು ಮಗುವಿಗೂ ಇಲ್ಲವೇ? 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ, 1992ರಲ್ಲಿ ಭಾರತವೂ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 3ನೆಯ ವಿಧಿ ಮಗುವಿನ ಹಿತವನ್ನು ಮುಖ್ಯವಾಗಿ ಗಣಿಸಬೇಕೆನ್ನುತ್ತದೆ. ಅದರ 7ನೆಯ ವಿಧಿ ಸಾಧ್ಯವಾದ ಮಟ್ಟಿಗೆ ತನ್ನ ತಂದೆ ತಾಯಿಯನ್ನು ಅರಿಯುವ ಹಕ್ಕು ಮಗುವಿಗಿದೆ ಎನ್ನುತ್ತದೆ.

ದೆಹಲಿಯಲ್ಲಿ ಅಂಥ ಮಗನೊಬ್ಬ ಹೋರಾಡಿದ. ಉತ್ತರ ಪ್ರದೇಶದ ಮಾಜಿ ಮುಖ್ಯಮಂತ್ರಿ ಎನ್.ಡಿ. ತಿವಾರಿ ತನ್ನ ತಂದೆ ಎಂದು ರೋಹಿತ್ ಶೇಖರ್ ದಾವೆ ಹೂಡಿದ. ರಕ್ತ ಕೊಡಲು ತಿವಾರಿ ವರ್ಷಗಟ್ಟಲೆ ಒಪ್ಪಲಿಲ್ಲ. ಕೊನೆಗೆ ಕೋರ್ಟಿನ ಆದೇಶದಂತೆ ಪರೀಕ್ಷೆಯಾಗಿ, 2012ರ ಜುಲೈನಲ್ಲಿ ಅವರೇ ತಂದೆ ಎಂಬ ವರದಿ ಬಹಿರಂಗವಾಯಿತು. ಅಲ್ಲಿ ಕೇಳಿದವನು ಪ್ರಾಯಕ್ಕೆ ಬಂದ ಮಗ, ಕೇಳಿದ್ದು ತನಗಾಗಿ.

ಹಾಗೆಂದು ಮಗ ಕೇಳಿದಾಗಲೆಲ್ಲ ದೊರೆಯುತ್ತದೆ ಎಂದಲ್ಲ. ಕೇರಳದ ಯುವಕನೊಬ್ಬ ತಾಯಿಯ ಗಂಡನಲ್ಲದ ಇನ್ನೊಬ್ಬನಿಂದ ಜೀವನಾಂಶ ಕೇಳಿದ್ದ. ಅವನು ಹುಟ್ಟಿದಾಗ ತಾಯಿಯ ಮದುವೆ ಊರ್ಜಿತವಾಗಿತ್ತು, ದಂಪತಿ ಕೂಡಿಯೇ ಇದ್ದರು. 2025ರ ಜನವರಿ 28ರಂದು ಸುಪ್ರೀಂ ಕೋರ್ಟು ಆ ಗಂಡನೇ ಕಾನೂನಿನ ಪ್ರಕಾರ ತಂದೆ ಎಂದು ಹೇಳಿ ವಿವಾದಕ್ಕೆ ತೆರೆ ಎಳೆಯಿತು. ಮೂರನೆಯವನೊಬ್ಬನನ್ನು ಬಲವಂತದ ಪರೀಕ್ಷೆಗೆ ಒಡ್ಡುವುದು ಅವನ ಖಾಸಗಿತನಕ್ಕೂ ಮಾನಕ್ಕೂ ಧಕ್ಕೆ ಎಂದಿತು.

ಆಸ್ತಿಗಾಗಿ ದಾಯಾದಿಗಳು ಎತ್ತುವ ತಕರಾರು ಇನ್ನೊಂದು ಬಗೆ. ನಾರಾಯಣಪುರ ಜಲಾಶಯದ ಕಾಲುವೆ ನೀರು ಹರಿದ ಮೇಲೆ ಸುರಪುರ, ಶಹಾಪುರದ ಹೊಲಗಳಿಗೆ ಬೆಲೆ ಬಂದಿದೆ. ಬೆಲೆ ಬಂದಲ್ಲಿ "ಅವನು ನಮ್ಮ ಕಾಕಾನ ಮಗನೇ ಅಲ್ಲ" ಎಂಬ ಮಾತೂ ಬರುತ್ತದೆ. 2021ರಲ್ಲಿ ಇಂಥದೇ ಆಸ್ತಿ ದಾವೆಯೊಂದರಲ್ಲಿ, ತಾನು ಮಗನೆಂದು ದಾಖಲೆಗಳಿಂದ ತೋರಿಸಲು ಸಿದ್ಧನಿರುವವನನ್ನು ಡಿಎನ್‌ಎ ಪರೀಕ್ಷೆಗೆ ಬಲವಂತ ಮಾಡಲಾಗದು ಎಂದು ಸುಪ್ರೀಂ ಕೋರ್ಟು ಹೇಳಿತು. ಶಾಲೆಯ ದಾಖಲೆ, ಜನನ ಪತ್ರ, ಮನೆಯವರ ನಡವಳಿಕೆ ಇವೇ ಅಲ್ಲಿ ಸಾಕ್ಷ್ಯ.

ಈ ಎಲ್ಲ ತೀರ್ಪುಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಸೂತ್ರ ಕಾಣುತ್ತದೆ. ಪರೀಕ್ಷೆಯನ್ನು ಯಾರು ಕೇಳುತ್ತಿದ್ದಾರೆ, ಯಾರಿಗಾಗಿ ಕೇಳುತ್ತಿದ್ದಾರೆ, ಬೇರೆ ಸಾಕ್ಷ್ಯವೇ ಇಲ್ಲವೇ, ಫಲಿತಾಂಶ ಬಂದ ಮರುದಿನ ಆ ಮಗು ಎಲ್ಲಿ ನಿಲ್ಲುತ್ತದೆ? ಈ ನಾಲ್ಕು ಪ್ರಶ್ನೆಗಳ ಉತ್ತರದ ಮೇಲೆ ಆದೇಶ ನಿಂತಿದೆ.

ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳು

ಉತ್ತರ ಕರ್ನಾಟಕದಲ್ಲಿ ಈ ವಿಷಯ ಬರೆಯುವಾಗ ದೇವದಾಸಿ ತಾಯಂದಿರನ್ನು ಬಿಟ್ಟು ಬರೆಯಲಾಗದು. 1982ರ ಕರ್ನಾಟಕ ಕಾಯಿದೆ ಈ ಪದ್ಧತಿಯನ್ನು ನಿಷೇಧಿಸಿತು. ಆದರೂ 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳಲ್ಲಿ ಒಟ್ಟು 46,660 ಮಹಿಳೆಯರು ಲೆಕ್ಕಕ್ಕೆ ಸಿಕ್ಕರು. ಇವರ ಮಕ್ಕಳ ತಂದೆ ಯಾರೆಂದು ಊರಿಗೆ ಗೊತ್ತಿರುತ್ತದೆ, ಕಾಗದಕ್ಕೆ ಮಾತ್ರ ಗೊತ್ತಿರುವುದಿಲ್ಲ. ಮದುವೆಯೇ ಇಲ್ಲವಾದ್ದರಿಂದ 116ನೆಯ ಕಲಮಿನ ನೆರಳೂ ಇವರಿಗೆ ಸಿಗದು. 2025ರ ಆಗಸ್ಟ್‌ನಲ್ಲಿ ರಾಜ್ಯದ ವಿಧಾನಮಂಡಲ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆ ಈ ಮಕ್ಕಳಿಗೆ ತಂದೆಯನ್ನು ಗುರುತಿಸಿಕೊಳ್ಳುವ, ಅವನ ಆಸ್ತಿಯಲ್ಲಿ ಪಾಲು ಕೇಳುವ ದಾರಿಯನ್ನು ತೋರಿಸಿತು. ಇಲ್ಲಿ ಡಿಎನ್‌ಎ ಪರೀಕ್ಷೆ ಮಗುವನ್ನು ಹೊರದಬ್ಬುವ ಕೋಲಲ್ಲ, ಒಳಗೆ ಬಿಡುವ ಬೀಗದ ಕೈ.

ಹೊಟ್ಟೆಗೆ ಅನ್ನ, ಹೊಲದಲ್ಲಿ ಪಾಲು

ಮಗು ಮದುವೆಯ ಹೊರಗೆ ಹುಟ್ಟಿದ್ದರೆ ಜೀವನಾಂಶ ಸಿಗುವುದಿಲ್ಲ ಎಂಬ ತಪ್ಪು ತಿಳಿವಳಿಕೆ ಹಳ್ಳಿಗಳಲ್ಲಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮು, ಈಗ ಅದರ ಜಾಗದಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮು, ಮಗು ಔರಸವೋ ಅಲ್ಲವೋ ಎಂಬ ಭೇದವಿಲ್ಲದೆ ಜೀವನಾಂಶ ಕೊಡಿಸುತ್ತವೆ. ಜಾತಿ, ಧರ್ಮದ ಭೇದವೂ ಇಲ್ಲ. ಹಸಿವಿಗೆ ಮದುವೆಯ ಕಾಗದ ಕೇಳಬಾರದು ಎಂಬುದು ಇದರ ಅರ್ಥ.

ಎರಡನೆಯ ಮದುವೆಯ ಮಕ್ಕಳ ಪ್ರಶ್ನೆ ಈ ಭಾಗದಲ್ಲಿ ಹೆಚ್ಚು. ಮೊದಲ ಹೆಂಡತಿ ಇರುವಾಗಲೇ ಆದ ಹಿಂದೂ ಮದುವೆ ಕಾನೂನಿನಲ್ಲಿ ಶೂನ್ಯ. ಆದರೂ ಹಿಂದೂ ವಿವಾಹ ಕಾಯಿದೆಯ 16ನೆಯ ಕಲಮಿನಂತೆ ಅದರ ಮಕ್ಕಳು ಔರಸರೇ. ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ 2011ರಲ್ಲಿ ಎದ್ದ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2023ರ ಸೆಪ್ಟೆಂಬರ್ 1ರಂದು ಉತ್ತರ ಕೊಟ್ಟಿತು. ತಂದೆಯ ಸ್ವಯಾರ್ಜಿತದಲ್ಲಿ ಮಾತ್ರವಲ್ಲ, ಪಿತ್ರಾರ್ಜಿತ ಆಸ್ತಿಯಲ್ಲಿ ತಂದೆಯ ಪಾಲಿಗೆ ಬರುವ ಭಾಗದಲ್ಲೂ ಇಂಥ ಮಕ್ಕಳಿಗೆ ಹಕ್ಕಿದೆ. ದೊಡ್ಡವರ ತಪ್ಪಿನ ಸಾಲವನ್ನು ಮಕ್ಕಳ ಲೆಕ್ಕಕ್ಕೆ ಬರೆಯಬಾರದು ಎಂಬ ನೀತಿ ಇದರ ಹಿಂದಿದೆ.

ಕುಟುಂಬ ನ್ಯಾಯಾಲಯದ ಒಳಗೆ

ಇಂಥ ವ್ಯಾಜ್ಯಗಳಿಗೆಂದೇ 1984ರಲ್ಲಿ ಕುಟುಂಬ ನ್ಯಾಯಾಲಯಗಳ ಕಾಯಿದೆ ಬಂತು. ವಿಚ್ಛೇದನ, ಜೀವನಾಂಶ, ಮಗುವಿನ ಸುಪರ್ದಿ, ಔರಸತ್ವದ ಘೋಷಣೆ ಎಲ್ಲ ಒಂದೇ ಸೂರಿನಡಿ. ಯಾದಗಿರಿ 2009ರ ಡಿಸೆಂಬರ್ 30ರಂದು ಗುಲ್ಬರ್ಗ ಜಿಲ್ಲೆಯಿಂದ ಬೇರೆಯಾಗುವ ಮೊದಲು ಈ ಮೂರೂ ತಾಲ್ಲೂಕಿನವರಿಗೆ ಜಿಲ್ಲಾ ಕೋರ್ಟೆಂದರೆ ಗುಲ್ಬರ್ಗವೇ ಆಗಿತ್ತು. ಈಗ ಜಿಲ್ಲಾ ನ್ಯಾಯಾಲಯ ಯಾದಗಿರಿಯಲ್ಲೇ ಇದೆ. ಹೈಕೋರ್ಟಿನ ಪೀಠವೂ 2008ರಿಂದ ಕಲಬುರಗಿಯಲ್ಲಿದೆ, 2013ರಲ್ಲಿ ಅದು ಕಾಯಂ ಆಯಿತು. ಮೇಲ್ಮನವಿಗೆಂದು ಬೆಂಗಳೂರಿಗೆ ಅಲೆಯುವ ಕಾಲ ಹೋಯಿತು.

ಕುಟುಂಬ ನ್ಯಾಯಾಲಯದ ರೀತಿಯೇ ಬೇರೆ. ಮೊದಲು ರಾಜಿಗೆ ಯತ್ನಿಸುವುದು ನ್ಯಾಯಾಧೀಶರ ಕರ್ತವ್ಯ. ಇಬ್ಬರಲ್ಲಿ ಒಬ್ಬರು ಕೇಳಿದರೂ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಊರವರು ಬಂದು ಕೂತು ಕೇಳುವಂತಿಲ್ಲ. ವೈದ್ಯರು, ಸಮಾಜ ಕಾರ್ಯಕರ್ತರ ನೆರವನ್ನು ನ್ಯಾಯಾಧೀಶರು ಪಡೆಯಬಹುದು.

ಮಗು ಯಾರ ಬಳಿ ಇರಬೇಕೆಂದು ತೀರ್ಮಾನಿಸುವಾಗ 1890ರ ಪಾಲಕರ ಮತ್ತು ಪಾಲ್ಯರ ಕಾಯಿದೆಯೂ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆಯೂ ಮಗುವಿನ ಹಿತವನ್ನೇ ಮುಂದಿಡುತ್ತವೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ. ತಿಳಿವಳಿಕೆ ಬಂದ ಮಗುವಾದರೆ ಅದರ ಇಚ್ಛೆಯನ್ನೂ ಕೇಳಬಹುದು. ಹಿತ ಎಂದರೆ ಯಾರ ಬಳಿ ಹೊಲ ಹೆಚ್ಚಿದೆ ಎಂಬ ಲೆಕ್ಕವಲ್ಲ. ಮಗು ಯಾರ ಕೈಯಲ್ಲಿ ಉಂಡು ಬೆಳೆದಿದೆ, ಯಾವ ಶಾಲೆಗೆ ಹೋಗುತ್ತಿದೆ, ರಾತ್ರಿ ಜ್ವರ ಬಂದರೆ ಯಾರನ್ನು ಕರೆಯುತ್ತದೆ ಎಂಬ ಲೆಕ್ಕ.

ಸುರಪುರದ ಹುಡುಗ ಅರಸ

ಮಗುವಿನ ಹಿತವನ್ನು ಕೊನೆಗಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಸುರಪುರದ ಚರಿತ್ರೆಯಲ್ಲೇ ಉದಾಹರಣೆ ಇದೆ. 1841ರಲ್ಲಿ ಅರಸ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಆಡಳಿತ ಯಾರ ಕೈಗೆ ಎಂದು ತಾಯಿ ರಾಣಿ ಈಶ್ವರಮ್ಮನಿಗೂ ಚಿಕ್ಕಪ್ಪ ಪಿಡ್ಡ ನಾಯಕನಿಗೂ ಜಗಳ. ನಡುವೆ ಬ್ರಿಟಿಷರು ಮೆಡೋಸ್ ಟೇಲರನನ್ನು ಕಳಿಸಿದರು. ಆತ 1853ರವರೆಗೆ ಅಲ್ಲಿದ್ದ. ಹುಡುಗ ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. 1858ರಲ್ಲಿ ಅದೇ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ನಿಂತು ಸೆರೆಯಾದ. ಸೆರೆಯಲ್ಲಿ ಟೇಲರನನ್ನು ಕಂಡಾಗಲೂ ಅವನ ಬಾಯಲ್ಲಿ ಬಂದದ್ದು ಅದೇ ಕರೆ. ಅದೇ ವರ್ಷ ಗುಂಡಿನೇಟಿನಿಂದ ಅವನ ಬದುಕು ಮುಗಿಯಿತು.

ತಾಯಿಗೆ ಅಧಿಕಾರ ಬೇಕಿತ್ತು, ಚಿಕ್ಕಪ್ಪನಿಗೆ ಗಾದಿ ಬೇಕಿತ್ತು, ಕಂಪನಿಗೆ ಕಪ್ಪ ಬೇಕಿತ್ತು. 'ಅಪ್ಪಾ' ಎನಿಸಿಕೊಂಡವನಿಗೂ ತನ್ನ ಮೇಲಿನವರ ಆಜ್ಞೆ ಇತ್ತು. ಹುಡುಗನಿಗೆ ಏನು ಬೇಕಿತ್ತು ಎಂಬುದು ಕೊನೆಯ ಪ್ರಶ್ನೆಯಾಗಿತ್ತು. ಇಂದಿನ ಕಾನೂನು ಅದನ್ನು ಮೊದಲ ಪ್ರಶ್ನೆ ಮಾಡಿದೆ. ಕಾನೂನು ಪುಸ್ತಕದಲ್ಲಿ ಮೊದಲಿರುವುದು ಮನೆಯಲ್ಲೂ ಮೊದಲಾಗಬೇಕು.

ಮನೆಯಲ್ಲಿ, ಶಾಲೆಯಲ್ಲಿ

ತಂದೆ ತಾಯಿಯರು ಮೊದಲು ಮಾಡಬೇಕಾದ ಕೆಲಸ ಮಗುವಿನ ಜನನವನ್ನು 21 ದಿನಗಳೊಳಗೆ ನೋಂದಾಯಿಸುವುದು. ಮದುವೆಯಾಗದ ಅಥವಾ ಒಂಟಿ ತಾಯಿ ತಂದೆಯ ಹೆಸರು ಹೇಳದೆಯೂ ಪ್ರಮಾಣಪತ್ರದ ಮೇಲೆ ಜನನ ಪತ್ರ ಪಡೆಯಬಹುದು, ತಂದೆಗೆ ತಿಳಿಸದೆಯೂ ತನ್ನ ಮಗುವಿನ ಪಾಲಕಿಯಾಗಬಹುದು ಎಂದು ಸುಪ್ರೀಂ ಕೋರ್ಟು 2015ರ ಜುಲೈನಲ್ಲಿ ಹೇಳಿದೆ. ಹೆಂಗಸರಿಗೂ ಮಕ್ಕಳಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ದೊರೆಯುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಾಗಲಿ ತಾಲ್ಲೂಕು ಸಮಿತಿಯಲ್ಲಾಗಲಿ ಕೇಳಿದರೆ ಸಾಕು. 15100 ಕಾನೂನು ನೆರವಿನ ಫೋನು, 1098 ಮಕ್ಕಳ ಸಹಾಯವಾಣಿ.

ಮಾಸ್ತರರಿಗೂ ಒಂದು ಹೊಣೆಯಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ವಾಪಸು ಕಳಿಸುವಂತಿಲ್ಲ. ತಂದೆಯ ಹೆಸರನ್ನು ತುಂಬಿದ ತರಗತಿಯಲ್ಲಿ ಎದ್ದುನಿಲ್ಲಿಸಿ ಕೇಳಬೇಕಾದ ಅಗತ್ಯವೂ ಇಲ್ಲ. ತಾಯಿಯನ್ನು ಕೋಣೆಗೆ ಕರೆದು ಮೆಲ್ಲಗೆ ಕೇಳಿದರೂ ಅರ್ಜಿ ತುಂಬುತ್ತದೆ.

ಇನ್ನು ವಿದ್ಯಾರ್ಥಿಗಳು. ಪಕ್ಕದ ಬೆಂಚಿನ ಗೆಳೆಯನ ಅಪ್ಪನ ಹೆಸರಿನ ಬಗ್ಗೆ ಯಾರೋ ಆಡಿದ ಮಾತನ್ನು ಮುಂದಕ್ಕೆ ದಾಟಿಸದಿರುವುದು ಅವರ ಕೈಯಲ್ಲೇ ಇದೆ. ಯಾರೂ ತಮ್ಮ ಹುಟ್ಟನ್ನು ತಾವೇ ಆರಿಸಿಕೊಂಡು ಬರುವುದಿಲ್ಲ. ಓದನ್ನು ಮಾತ್ರ ಆರಿಸಿಕೊಳ್ಳಬಹುದು. 2011ರ ಜನಗಣತಿಯಲ್ಲಿ ರಾಜ್ಯದಲ್ಲೇ ಅತಿ ಕಡಿಮೆ ಸಾಕ್ಷರತೆ ಇದ್ದದ್ದು ಯಾದಗಿರಿ ಜಿಲ್ಲೆಯಲ್ಲಿ. ಇಂಥ ಜಿಲ್ಲೆಯಲ್ಲಿ ಒಂದು ಗೆರೆಯ ಸಲುವಾಗಿ ಒಂದು ಮಗು ಶಾಲೆಯ ಕಟ್ಟೆ ಇಳಿದು ಹೋದರೆ ನಷ್ಟ ಆ ಮಗುವಿಗೆ ಮಾತ್ರವಲ್ಲ.

ಈಗಿನ ಅರ್ಜಿಗಳಲ್ಲಿ ತಂದೆಯ ಹೆಸರಿನ ಜೊತೆಗೇ ತಾಯಿಯ ಹೆಸರಿಗೂ ಒಂದು ಗೆರೆ ಇದೆ. ಮಾಸ್ತರರು ಮೊದಲು ಆ ಗೆರೆಯನ್ನು ತುಂಬಿಸಿಕೊಳ್ಳಲಿ. ಸೆರಗು ಹಿಡಿದು ನಿಂತ ಮಗುವಿಗೆ ಗೊತ್ತಿರುವ ಉತ್ತರ ಅದು. "ನಿಮ್ಮವ್ವನ ಹೆಸರೇನಪ್ಪಾ?" ಎಂದು ಕೇಳಿದರೆ ಅದು ತಲೆ ಎತ್ತಿ ಹೇಳುತ್ತದೆ.